ಹೊಳೆಯುವ ಕ್ಯಾಪ್ ಮುಚ್ಚಿದ್ದು

ಮುನಿರ್ಕಾ ಬಡಾವಣೆ ದಾಟುತ್ತಿದ್ದಂತೆ ಕಾರಿನ ಮುಂದಿನ ಎಡ ಚಕ್ರದಲ್ಲಿ ಟಕ್ ಟಕ್ ಶಬ್ದ ಶುರುವಾಯಿತು. ಅಕ್ಕ ಓಡಿಸುತ್ತಿದ್ದಳು, ಹಿಂದೆ ಅವಳ ಮಗಳು ಕೂತಿದ್ದಳು. ಪಕ್ಕದಲ್ಲಿದ್ದ ನನಗೆ ಕಾರಣ ಥಟ್ಟನೆ ಹೊಳೆಯಿತು. ಅಕ್ಕ ಕೊಂಡ ಆ ಹಳೆಯ ಕಾರಿನ ಬ್ರೇಕನ್ನು ಹಿಂದಿನ ದಿನ ಮನೆ ಮುಂದೆ ನಾನೇ ರಿಪೇರಿ ಮಾಡಿದ್ದೆ. ಜಾಕ್ ಮೇಲಿದ್ದಾಗ ಚಕ್ರದ ನಟ್‌ಗಳನ್ನು ಬರಿಗೈಯಲ್ಲಿ ತಿರುಗಿಸಿ, ಕೆಳಗಿಳಿಸಿದ ಮೇಲೆ ಸ್ಪ್ಯಾನರ್ ಹಾಕಿ ಬಿಗಿಯಬೇಕು. ಹೊಸ ಹೊಳೆಯುವ ವೀಲ್ ಕ್ಯಾಪ್ ಕೂರಿಸುವ ಆತುರದಲ್ಲಿ ಬಿಗಿಯುವುದನ್ನೇ ಮರೆತಿದ್ದೆ.

ತಕ್ಷಣ ನಿಲ್ಲಿಸು ಎನ್ನಬೇಕಿತ್ತು. ಏಳನೇ ತರಗತಿಗೇ ಶಾಲೆ ಬಿಟ್ಟ ನನಗೆ ಕೈಕೆಲಸವೊಂದೇ ಮರ್ಯಾದೆ. ತಪ್ಪು ನನ್ನದೆಂದು ಗೊತ್ತಾದರೆ ಅದೂ ಹೋಗುತ್ತಿತ್ತು. ಶಬ್ದ ಜೋರಾಗುತ್ತಲೇ ಹೋಯಿತು. ಕೊನೆಗೆ ಪಕ್ಕದ ಆಟೋದವನು, “ಮೇಡಂ ಜೀ, ರೋಕೋ!” ಎಂದು ಚಕ್ರದ ಕಡೆ ಕೈ ತೋರಿಸಿ ಕೂಗಿದ. ಅಕ್ಕ ಕಾರನ್ನು ಬದಿಗೆ ನಿಲ್ಲಿಸಿದಳು.

ಇಳಿದು ಕ್ಯಾಪ್ ಕಿತ್ತೆ. ಕಳಚಿದ ಒಂದು ನಟ್ ಅದರೊಳಗಿಂದ ಉರುಳಿ ಬಿತ್ತು. ಉಳಿದವೂ ಬೆರಳಿಗೇ ತಿರುಗುತ್ತಿದ್ದವು.

“ಯಾರೋ ಚಕ್ರ ಕದಿಯೋಕೆ ಬಂದಿದ್ದಾರೆ ಕಣೋ. ನಮ್ಮ ಗೇಟ್ ಕಾಯೋ ಚೌಕೀದಾರ್ ನಿದ್ದೆ ಹೊಡೀತಾನೆ,” ಎಂದಳು ಅಕ್ಕ.

“ಇರಬಹುದಕ್ಕಾ,” ಎಂದೆ.

“ಮಾಮಾ, ಚೋರ್ ಕ್ಯಾಪ್ ವಾಪಸ್ ಯಾಕೆ ಹಾಕ್ದ?” ಎಂದಿತು ಮಗು. ನಾನು ಬಗ್ಗಿ ನಟ್ ಬಿಗಿಯತೊಡಗಿದೆ.

ಅಂದಿನಿಂದ ಅಕ್ಕ ಆ ಚೌಕೀದಾರನನ್ನು ಮಾತಾಡಿಸುವುದಿಲ್ಲ. ಅವನು ಮಾತ್ರ ದಿನವೂ ಗೇಟು ತೆರೆದು ನನಗೆ ನಮಸ್ತೆ ಹೇಳುತ್ತಾನೆ. ಅವನಿಗೆ ಕೈ ಮುಗಿಯುವಾಗಲೆಲ್ಲ ಅಕ್ಕನಿಗೆ ಇವತ್ತು ಹೇಳಿಬಿಡಬೇಕು ಅಂದುಕೊಳ್ಳುತ್ತೇನೆ. ಇನ್ನೂ ಹೇಳಿಲ್ಲ.