ಎರಡನೇ ಗೋಲ್‌ಕೀಪರನ ಎಡಗೈ

ಅಮೆರಿಕದಲ್ಲಿ ಡಲ್ಲಾಸಿನ ಪಕ್ಕದೂರಾದ ಪ್ಲೇನೋದ ನಮ್ಮ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬರುವವರಲ್ಲಿ ಮುಕ್ಕಾಲು ಪಾಲು ಕಂಪ್ಯೂಟರ್ ಮುಂದೆ ಕೂತು ಕುತ್ತಿಗೆ ಉಳುಕಿಸಿಕೊಂಡವರು. ಹಾಗಾಗಿ ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಹಂಗೇರಿಯ ಗೋಲ್‌ಕೀಪರ್ ಒಬ್ಬ ಎಡಭುಜ ಹಿಡಿದುಕೊಂಡು ಬಂದಾಗ ನನಗೆ ಖುಷಿಯೇ ಆಯಿತು. ಫುಟ್‌ಬಾಲಿನ ಗಂಧಗಾಳಿ ನನಗಿಲ್ಲ. ಹುಬ್ಬಳ್ಳಿಯವಳು ನಾನು, ಭುಜ, ಮೊಣಕಾಲು ಗೊತ್ತು, ಅಷ್ಟೇ. ಅವನ ಇಂಗ್ಲಿಷು ನನ್ನದಕ್ಕಿಂತ ಕಡೆ, ಅದಕ್ಕೇ ಮಾತು ಸಲೀಸಾಯಿತು.

ಕೈ ಎಳೆಯುವಾಗ ನೋವು ಮರೆಯಲೆಂದು ಅವನಿಂದ ಕಥೆ ಹೇಳಿಸುತ್ತಿದ್ದೆ. ಹರೆಯದಲ್ಲೇ ವೃತ್ತಿಪರ ತಂಡ ಸೇರಿದವನು. ಒಂದಷ್ಟು ವರ್ಷ ಚೆನ್ನಾಗಿ ಆಡಿದ. ಆಮೇಲೆ ಹೋದ ತಂಡದಲ್ಲೆಲ್ಲ ಇವನಿಗಿಂತ ಚುರುಕಾದ ಇನ್ನೊಬ್ಬ ಇರುತ್ತಿದ್ದ. ದೇಶ ದೇಶ ತಿರುಗಿ, ಡಲ್ಲಾಸಿನ ಸಣ್ಣ ತಂಡವೊಂದಕ್ಕೆ ಎರಡನೇ ಗೋಲ್‌ಕೀಪರ್ ಆಗಿ ಬಂದಿದ್ದ. ಎರಡನೆಯವನ ಕೆಲಸ ಏನು ಗೊತ್ತೇ? ಪಂದ್ಯಕ್ಕೆ ಮುಂಚೆ ಮೊದಲನೆಯವನತ್ತ ಚೆಂಡು ಒದ್ದು ಒದ್ದು ಅವನ ಮೈ ಬೆಚ್ಚಗೆ ಮಾಡುವುದು, ಆಮೇಲೆ ಜಾಕೆಟ್ ಹಾಕಿಕೊಂಡು ಬೆಂಚಿನ ಮೇಲೆ ಕೂರುವುದು. ಮದುಮಗನಿಗೆ ಬಾಸಿಂಗ ಕಟ್ಟಿ ತಾನು ಚಪ್ಪಲಿ ಕಾಯುವ ಹಾಗೆ! ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ.

ಹೆಂಡತಿ, ಎಂಟು ವರ್ಷದ ಮಗ ಹಂಗೇರಿಗೆ ವಾಪಸ್ ಹೋಗಿದ್ದರು. ಸಂಜೆ ಏನು ಮಾಡುತ್ತೀರಿ ಅಂತ ಕೇಳಿದೆ. ಊಟ ತರಿಸಿಕೊಂಡು ಟಿವಿ ಹಾಕುತ್ತೇನೆ, ನೋಡುವುದಿಲ್ಲ ಅಂದ. ನನ್ನ ಕಥೆಯೂ ಅದೇ. ಯಜಮಾನರು ತೀರಿಕೊಂಡರು, ಮಗಳು ಓದಲು ಆಸ್ಟಿನ್ನಿಗೆ ಹೋದಳು. ಕ್ಲಿನಿಕ್ಕಿನ ಆಚೆಯೂರು ಮೆಕಿನ್ನಿಯ ನನ್ನ ಮನೆಯಲ್ಲಿ ಈಗ ಸದ್ದು ಮಾಡುವುದು ನಾನು ಮತ್ತು ಮಿಕ್ಸರ್. ಒಂಟಿತನ ಅಂದರೆ ಒಂಟಿತನವೇ, ಅದಕ್ಕೆ ಬೇರೆ ಹೆಸರೇಕೆ?

ಒಂದು ಬುಧವಾರ ಮುಖ ಅರಳಿಸಿಕೊಂಡು ಬಂದ. ಮೊದಲನೆಯವನ ಬೆರಳು ಮುರಿದಿತ್ತು. ಶನಿವಾರ ಹ್ಯೂಸ್ಟನ್ನಿನಲ್ಲಿ ಇವನೇ ಆಡಬೇಕು. ಕೈ ಎತ್ತಿ ಅಂದೆ. ಬಲಗೈ ಎತ್ತಿದ. ಆಹಾ, ಜಾಣ! ಎಡಗೈ ಅಂದೆ. ಅದು ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಹಣೆ ಬೆವರಿತು.

“ಆ ಕಡೆ ಬಿದ್ದರೆ ಇದೇ ನಿಮ್ಮ ಕೊನೇ ಪಂದ್ಯ,” ಅಂದೆ.

“ನನ್ನ ಮಗ ಹುಟ್ಟಿದಾಗಿನಿಂದ ನಾನು ಬೆಂಚ್ ಮೇಲೇ ಇದೀನಿ,” ಅಂದ. “ಅಪ್ಪ ಕೂತಿರೋದು ಬಿಟ್ಟು ಅವನು ಬೇರೇನೂ ನೋಡಿಲ್ಲ.”

ಕಂಡದ್ದನ್ನು ಕಂಡ ಹಾಗೆ ತಂಡದ ಡಾಕ್ಟರಿಗೆ ಹೇಳಿದೆ. ಅವರೂ ಬೈದು, ಕೊನೆಗೆ ಅವನಿಷ್ಟಕ್ಕೆ ಬಿಟ್ಟರಂತೆ.

ಶನಿವಾರ ನಾಲ್ಕು ತಾಸು ಡ್ರೈವ್ ಮಾಡಿಕೊಂಡು ಹ್ಯೂಸ್ಟನ್ನಿಗೆ ಹೋದೆ. ಮಗಳನ್ನೂ ಬಾ ಅಂದಿದ್ದೆ. ಟೆಸ್ಟ್ ಇದೆ ಅಂತ ಇಂಗ್ಲಿಷಿನಲ್ಲಿ ಹೇಳಿ ಫೋನಿಟ್ಟಳು. ಅಲ್ಲೇ ಹತ್ತಿರದ ಕೇಟಿ ಅನ್ನೋ ಊರಲ್ಲಿ ನಮ್ಮ ಕಡೆಯ ಗೆಳತಿಯೊಬ್ಬಳು ಇದ್ದಾಳೆ, ಅವಳಿಗೆ ತಿಳಿಸಲೇ ಇಲ್ಲ. ಫುಟ್‌ಬಾಲ್ ನೋಡಾಕ ಬಂದೀನಿ ಅಂದರೆ ತಲಿ ನೆಟ್ಟಗೈತೇನ ಅನ್ನುತ್ತಿದ್ದಳು. ಬಿಸಿಲಲ್ಲಿ ಒಬ್ಬಳೇ ಕೂತೆ. ಬಹಳ ಹೊತ್ತು ಅವನ ಹತ್ತಿರ ಚೆಂಡೇ ಸುಳಿಯಲಿಲ್ಲ. ಗೋಲಿನ ಮುಂದೆ ಆಚೀಚೆ ಓಡಾಡುತ್ತಾ, ಯಾರೂ ಕೇಳಿಸಿಕೊಳ್ಳದಿದ್ದರೂ ಏನೋ ಕೂಗುತ್ತಿದ್ದ. ಇನ್ನೇನು ಮುಗಿಯಬೇಕು ಅನ್ನುವಾಗ ಚೆಂಡು ಅವನ ಎಡಕ್ಕೆ, ಎತ್ತರದಲ್ಲಿ ಬಂತು. ಕಣ್ಣು ಮುಚ್ಚಬೇಕು ಅನ್ನಿಸಿತು, ಮುಚ್ಚಲಿಲ್ಲ. ಅವನು ಹಾರಿದ. ಚೆಂಡು ಅವನ ಎಡಗೈಗೆ ತಾಗಿ ಗೋಲಿನ ಹೊರಗೆ ಹೋಯಿತು. ಅವನು ಏಳಲಿಲ್ಲ, ಇಬ್ಬರು ಎಬ್ಬಿಸಿ ಕರೆದುಕೊಂಡು ಹೋದರು.

ಪಾರ್ಕಿಂಗಿನಲ್ಲಿ ಕಾದೆ. ಭುಜಕ್ಕೆ ಐಸ್ ಕಟ್ಟಿಸಿಕೊಂಡು, ಬಲಗೈಯಲ್ಲಿ ಫೋನ್ ಹಿಡಿದು ಬಂದ. ಹೆಂಡತಿಯ ಜೊತೆ ಮಾತಾಡಿದ್ದನಂತೆ. ಅಲ್ಲಿ ರಾತ್ರಿ, ಮಗ ಅರ್ಧ ಪಂದ್ಯಕ್ಕೇ ನಿದ್ದೆ ಹೋಗಿದ್ದ. ನನಗೆ ಸಿಟ್ಟು ನೆತ್ತಿಗೇರಿತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ನಾಳೆ ರೆಕಾರ್ಡಿಂಗ್ ತೋರಿಸಿದರಾಯಿತು ಅನ್ನಲು ಬಾಯಿ ತೆರೆದವಳು ಅವನ ಮುಖ ನೋಡಿ, ಜಾರುತ್ತಿದ್ದ ಐಸ್ ಪಟ್ಟಿಯನ್ನು ಸರಿಮಾಡಿದೆ.

“ನೀವು ನೋಡಿದ್ರಲ್ಲ?” ಅಂದ.

“ನೋಡಿದೆ.”

“ಹೇಗಿತ್ತು?”

ಫುಟ್‌ಬಾಲಿನ ಬಗ್ಗೆ ನಾನೇನು ಹೇಳಲಿ? ನನಗೆ ಗೊತ್ತಿದ್ದದ್ದನ್ನೇ ಹೇಳಿದೆ. “ಕೈ ಪೂರ್ತಿ ಮೇಲೆ ಹೋಯ್ತು.”

ಅವನು ನನ್ನ ಕಾರಿಗೆ ಒರಗಿ ನಿಂತ. ಇನ್ನೊಂದು ಸಲ ಹೇಳಿ ಅಂದ. ಹೇಳಿದೆ.