ಇಂಜಿನ್ನಿಗೆ ಮನೆ ನೋಡಲು ಹೋದೆವು

ಹೆಣ್ಣು ಕೊಡುವ ಮೊದಲು ಹುಡುಗನ ಮನೆ ನೋಡಿ ಬರುವುದು ನಿಮಗೆಲ್ಲ ಗೊತ್ತು. ಇಂಜಿನ್ ಕೊಡುವ ಮೊದಲು? ಹೋದ ಭಾನುವಾರ ನಾನು ಅದನ್ನೂ ಮಾಡಿ ಬಂದೆ.

ಇಂಜಿನ್ ನಮ್ಮ ಶೆಟಗೇರಿ ಅತ್ತೆಯದು. (ಹೆಂಡತಿಯ ತಾಯಿಯಲ್ಲ, ನನ್ನ ಸೋದರಮಾವನ ಹೆಂಡತಿ.) ಶೇಂಗಾ ಗದ್ದೆಗೆ ನೀರು ಹಾಯಿಸುತ್ತಿದ್ದ ಹಳೆಯ ಡೀಸೆಲ್ ಪಂಪು. ಈಗ ಕರೆಂಟಿನ ಮೋಟಾರ್ ಬಂದಿದೆ. ಇದು ಕೊಟ್ಟಿಗೆಯಲ್ಲಿ ಗೋಣಿ ಹೊದ್ದು ಕೂತಿದೆ.

ಕಾರವಾರದ ಹೊರಗೆ ಇಂಥ ಇಂಜಿನ್ ತಯಾರಿಸುವ ಕಾರ್ಖಾನೆಯೊಂದು ತನ್ನದೇ ಮ್ಯೂಸಿಯಂ ತೆರೆದಿದೆ. ತಮಾಷೆ ನೋಡಿ, ತಾವೇ ಮಾಡಿದ ಮೊದಲ ಮಾಡೆಲ್ ಅವರ ಹತ್ತಿರವೇ ಇಲ್ಲ! ಅದು ಇರುವುದು ಅತ್ತೆಯ ಕೊಟ್ಟಿಗೆಯಲ್ಲಿ. ಕೇಳಿಕೊಂಡು ಬಂದವರಿಗೆ ಅತ್ತೆಯ ಮಗ ಗಣಪತಿ ಹೂಂ ಅಂದುಬಿಟ್ಟ. ಅತ್ತೆ ಅನ್ನಲಿಲ್ಲ.

“ಮನಿ ನೋಡದೆ ಕೊಡೂಕೆ ಆಗ್ತದೇನಾ ತಮಾ?” ಅಂತ ನನಗೆ ಫೋನ್ ಬಂತು. ಬೆಳಗಿನ ಬಸ್ಸಿಗೆ ಕೋಡಿಬಾಗದ ನಮ್ಮ ಮನೆಗೆ ಅತ್ತೆಯೂ ಬಂದಿಳಿದರು. ಉಟ್ಟದ್ದು ಮದುವೆಗೆ ಉಡುವ ಸೀರೆ. ನನ್ನ ಹೆಂಡತಿ ಸುಮಾಳನ್ನೂ ಹೊರಡಿಸಿದರು. (ಗಂಡಸರನ್ನೇ ಕಳಿಸಿದರೆ ಚಹಾ ಕುಡಿದು ವಾಪಸ್ ಬರುತ್ತಾರಂತೆ.)

ಮ್ಯೂಸಿಯಂ ಚೆನ್ನಾಗಿಯೇ ಇತ್ತು. ಎರಕದ ಅಚ್ಚುಗಳು, ಹಳೆಯ ಫೋಟೋಗಳು. ನಡುವೆ ಒಂದು ಇಂಜಿನ್ನನ್ನು ಅರ್ಧಕ್ಕೆ ಸೀಳಿ, ಒಳಗಿನ ಪಿಸ್ಟನ್ ಕಾಣುವಂತೆ ಇಟ್ಟಿದ್ದರು. ಅತ್ತೆ ಅಲ್ಲೇ ನಿಂತುಬಿಟ್ಟರು.

“ಇದ್ರ ಹೊಟ್ಟಿ ಕೊಯ್ದವ್ರು ಯಾರು?”

“ನಿಮ್ಮದನ್ನ ಕೊಯ್ಯೋದಿಲ್ಲ ಅಮ್ಮಾ!” ಮ್ಯಾನೇಜರ್ ಗಾಬರಿಯಾದರು.

“ಆಗಾಗ ಚಾಲೂ ಮಾಡ್ತೀರಾ?”

“ಇಲ್ಲಮ್ಮಾ, ಇಲ್ಲಿ ಅದಕ್ಕೆ ಕೆಲಸವೇ ಇಲ್ಲ. ಎಸಿಯಲ್ಲಿ ಆರಾಮಾಗಿ ಇರ್ತದೆ.”

ಇಂಥ ನೌಕರಿಗೆ ನಾನಾದರೆ ಅವತ್ತೇ ಅರ್ಜಿ ಹಾಕುತ್ತಿದ್ದೆ. ಅತ್ತೆಯ ಮುಖ ಮಾತ್ರ ಸಣ್ಣದಾಯಿತು. ಆ ಇಂಜಿನ್ನಿನ ಸದ್ದು ಕೇಳಿದ ಮೇಲೆಯೇ ಎಸರಿಗೆ ಅಕ್ಕಿ ಹಾಕುತ್ತಿದ್ದ ಕೇರಿ ಅವರದು. ಇನ್ನು ಅದು ಬಾಯೇ ಬಿಡುವುದಿಲ್ಲ ಅಂದರೆ? ನನಗೂ ಬೇಜಾರಾಯಿತು.

“ಹಂಗಾರೆ ಒಂದು ಮಾತು,” ಅಂದರು ಅತ್ತೆ. “ಆಯುಧ ಪೂಜೆಗೆ ಅದು ನಮ್ಮನಿಗೆ ಬರ್ಬೇಕು. ಹೂ ಹಾಕಿ, ಹ್ಯಾಂಡಲ್ ಹೊಡ್ದು ಚಾಲೂ ಮಾಡಿ, ಮರುದಿನ ಕಳಿಸಿ ಕೊಡ್ತೇವೆ.”

“ಮ್ಯೂಸಿಯಂ ವಸ್ತು ಹೊರಗೆ ಕಳಿಸೋ ರೂಲ್ ಇಲ್ಲಮ್ಮಾ.”

“ಕೊಟ್ಟ ಹೆಣ್ಣು ತವರಿಗೆ ಬರೂಕೂ ರೂಲ್ ಅದ್ಯಾ?”

“ತವರು ಅಂದ್ರೆ ತವರೇ ಸರ್,” ಅಂತ ಸುಮಾ ಬೇರೆ ದನಿಗೂಡಿಸಿದಳು. ಇಬ್ಬರು ಹೆಂಗಸರು ಒಂದಾದರೆ ಮ್ಯಾನೇಜರ್ ಪಾಡೇನು? ಮೂಲೆಗೆ ಹೋಗಿ ತಮ್ಮ ಸಾಹೇಬರಿಗೆ ಫೋನ್ ಹಚ್ಚಿದರು. ಅಷ್ಟು ಹೊತ್ತು ಅತ್ತೆ ಸೆರಗು ಹಿಡಿದುಕೊಂಡು ನಿಂತೇ ಇದ್ದರು. ಮ್ಯಾನೇಜರ್ ನಗುತ್ತ ಬಂದರು. “ಆಯ್ತಮ್ಮಾ. ಗಾಡಿಯಲ್ಲಿ ನಾವೇ ಕರ್ಕೊಂಡು ಬರ್ತೇವೆ.”

ಅತ್ತೆ ಚೀಲದಿಂದ ಸಕ್ಕರೆ ಪೊಟ್ಟಣ ತೆಗೆದು ಅವರ ಕೈಗಿಷ್ಟು ಹಾಕಿದರು. ಸಂಬಂಧ ಕುದುರಿತು!

ವಾಪಸ್ ಬರುವಾಗ ಆಟೋದಲ್ಲಿ ನನಗೆ ನಗು ತಡೆಯಲಾಗಲಿಲ್ಲ. “ವರ್ಷಕ್ಕೊಮ್ಮೆ ತವರಿಗೆ ಹೋಗೋ ಇಂಜಿನ್ ಲೋಕದಲ್ಲಿ ಇದೊಂದೇ ಇರಬೇಕು!” ಅಂದೆ. ಅತ್ತೆ ನಕ್ಕರು. ಸುಮಾ ನಗಲಿಲ್ಲ. (ಪ್ರತಿ ಚೌತಿಗೂ ನಮ್ಮ ಮನೆ ತುಂಬ ನೆಂಟರು. ಅಡುಗೆಮನೆ ಬಿಟ್ಟು ಅವಳು ತವರಿಗೆ ಹೇಗೆ ಹೋದಾಳು?)

“ಇಂಜಿನ್ನಿಗೆ ರಜೆ ಸಿಕ್ತು,” ಅಂದಳು. “ಈ ಚೌತಿಗೆ ನಂಗೂ ಸಿಗ್ತದಾ?”