ಸೆರಗು ಹೊಲಿದುಕೊಂಡು ಬರುತ್ತಿದ್ದ ಮೇಡಂ

ನಮ್ಮ ಗಿರಿಜಾ ಮೇಡಂ ಸೀರೆಗೆ ಪಿನ್ನು ಚುಚ್ಚಿದವರೇ ಅಲ್ಲ. ಬೆಳಿಗ್ಗೆಯೇ ಸೆರಗಿಗೆ ದಾರದಲ್ಲಿ ಎರಡು ಹೊಲಿಗೆ ಹಾಕಿಕೊಂಡು, ಗುಬ್ಬಿಯಲ್ಲಿ ರೈಲು ಹತ್ತಿ ತುಮಕೂರಿಗೆ ಪಾಠ ಮಾಡಲು ಬರುತ್ತಿದ್ದರು. ಲ್ಯಾಬಿನ ಬಾಗಿಲಲ್ಲೇ ನಮ್ಮ ಕೀಲಿ, ಬೆಲ್ಟು, ಹೇರ್‌ಪಿನ್ನು ಎಲ್ಲವನ್ನೂ ಕಸಿದುಕೊಳ್ಳುವರು. "ಒಂದ್ ಚೂರು ಕಬ್ಬಿಣ ಸೇರಿದ್ರೆ ಸಾಕು ಕಣ್ರೇ, ಹಾಲಿಗೆ ಹುಳಿ ಹಿಂಡ್ದಂಗೆ!"

ಹದಿನೆಂಟು ವರ್ಷ ಅವರು ಬೆನ್ನು ಹತ್ತಿದ್ದು ಒಂದೇ ಪ್ರಶ್ನೆಯನ್ನು. ಸತುವಿನ ಆಕ್ಸೈಡೆಂಬ ಬಿಳಿ ಪುಡಿಗೆ ಚಿಟಿಕೆ ಮ್ಯಾಂಗನೀಸ್ ಬೆರೆಸಿ ಸುಟ್ಟು, ಬಿಲ್ಲೆ ಮಾಡಿದರೆ ಅದು ಅಯಸ್ಕಾಂತವಾದೀತೆ? ಎಕ್ಸ್-ರೇ ಹಾಯಿಸಿ ನೋಡಿದರೆ ಪರಮಾಣುಗಳು ಬೇಕಾದ ಜಾಗದಲ್ಲೇ ಕೂತಿರುತ್ತಿದ್ದವು. ಅಯಸ್ಕಾಂತ ಗುಣ ಅಳೆಯುವ ಯಂತ್ರಕ್ಕಿಟ್ಟರೆ ಮಾತ್ರ ಪ್ರತಿ ಸಲವೂ ಸಪ್ಪೆ ಗೆರೆ. "ಸಾಲಾಗೇನೋ ಕೂತವ್ರೆ, ಒಬ್ರ ಮಾತು ಒಬ್ರು ಕೇಳಲ್ಲ. ನಮ್ ಡಿಪಾರ್ಟ್‌ಮೆಂಟ್ ಮೀಟಿಂಗ್ ಥರಾನೇ" ಎಂದು ನಗುವರು.

ಹೋದ ವರ್ಷ ಕ್ಯಾನ್ಸರ್ ಅವರನ್ನು ಹಾಸಿಗೆಗೆ ಕೆಡವಿತು. ಅವರ ಕೊನೆಯ ಪಿಎಚ್‌ಡಿ ವಿದ್ಯಾರ್ಥಿನಿ ನಾನು. ಒಬ್ಬಳೇ ಅಳೆಯುತ್ತಿದ್ದಾಗ ಒಂದು ದಿನ ಗೆರೆ ಬಾಗಿ ಕುಣಿಕೆಯಾಯಿತು. ಅಂದರೆ ಅಯಸ್ಕಾಂತ! ಪ್ರಿಂಟ್ ಹಿಡಿದು ಗುಬ್ಬಿಗೆ ಓಡಿದೆ. ಅವರು ಕಾಗದವನ್ನು ಬೆಳಕಿಗೆ ಹಿಡಿದರು. ಎಷ್ಟೋ ಹೊತ್ತು ನೋಡಿ, "ಏನೇ, ಬಿಲ್ಲೆ ಯಾವ ಇಕ್ಕಳದಲ್ಲಿ ಎತ್ತಿದೆ?" ಎಂದರು.

ಆಗಲೇ ನನಗೆ ನೆನಪಾದದ್ದು. ಪ್ಲಾಸ್ಟಿಕ್ಕಿನದು ಮುರಿದಿತ್ತೆಂದು ಸ್ಟೀಲಿನದರಲ್ಲಿ ಎತ್ತಿದ್ದೆ. ಕಣ್ಣಿಗೆ ಕಾಣದಷ್ಟು ಅದರ ಧೂಳು ಬಿಲ್ಲೆಗೆ ಅಂಟಿದರೂ ಇಂಥದೇ ಗೆರೆ ಬರುತ್ತದೆ. ಆದರೆ ಆ ಬತ್ತಿದ ಮುಖದಲ್ಲಿ ಅಷ್ಟು ಆಸೆ ಕಂಡು, ಹಾಳು ಬಾಯಿ, "ಪ್ಲಾಸ್ಟಿಕ್ಕಿಂದೇ ಮೇಡಂ" ಅಂದುಬಿಟ್ಟಿತು.

"ಹಂಗಾದ್ರೆ ಸಿಕ್ತು ಬುಡು." ಅವರ ಕಣ್ಣಲ್ಲಿ ನೀರು. "ಆದ್ರೂ ಇನ್ನೊಂದ್ ಸಲ ಮಾಡು ಕಣೇ. ಸೋಮವಾರ ಬಂದು ಹೇಳು, ಕಾಯ್ತಿರ್ತೀನಿ."

ಹೊಸ ಪ್ಲಾಸ್ಟಿಕ್ ಇಕ್ಕಳ ತಂದು, ಹೊಸ ಬಿಲ್ಲೆ ಮಾಡಿ ಅಳೆದೆ. ಅದೇ ಸಪ್ಪೆ ಗೆರೆ. ಒಬ್ಬಳೇ ಕೂತು ಅತ್ತೆ. ಕಾಲು ಹಿಡಿದು ನಿಜ ಹೇಳಿಬಿಡಬೇಕೆಂದು ಸೋಮವಾರ ಬೆಳಿಗ್ಗೆ ಹೊರಟೆ. ಮನೆ ಮುಂದೆ ಶಾಮಿಯಾನ ಹಾಕಿದ್ದರು. ಹಣೆ ತುಂಬ ವಿಭೂತಿ ಬಳಿದು ಮೇಡಂ ಅವರ ದೇಹವನ್ನು ಕೂರಿಸಿದ್ದರು.

ಅವರ ತಂಗಿ ನನ್ನ ಎರಡೂ ಕೈ ಹಿಡಿದುಕೊಂಡರು. "ನಿನ್ನೆಯೆಲ್ಲ ಬಂದೋರ್ಗೆಲ್ಲ ಅದ್ನೇ ಹೇಳ್ತಿದ್ಲು ಕಣಮ್ಮ. ಹದಿನೆಂಟು ವರ್ಷದ್ದು ಕೊನೆಗೂ ಸಿಕ್ತು, ನಮ್ ಹುಡ್ಗಿ ಕಂಡುಹಿಡ್ದ್ಲು ಅಂತ. ನಿಜವಾಗ್ಲೂ ಸಿಕ್ತಾ?"

"ಹೂಂ ಅಮ್ಮ, ಸಿಕ್ತು" ಎಂದೆ, ಮೇಡಂ ಎದುರಿಗೇ ನಿಂತುಕೊಂಡು.